ನಿಂತಲ್ಲಿ ನಿಲ್ಲದ ದುರ್ಬೀನು

ಸೆಪ್ಟೆಂಬರ್ 2, ಸೋಮವಾರ

ಒಂದನೇ ಗುಂಡು: ಗುರಿಗಿಂತ ಎರಡು ಬೆರಳು ಮೇಲೆ.
ಎರಡನೇ ಗುಂಡು: ಎಡಕ್ಕೆ ನಾಲ್ಕು ಬೆರಳು.
ಮೂರನೇ ಗುಂಡು: ಹಲಸಿನ ಮರಕ್ಕೂ ಬೀಳಲಿಲ್ಲ.
ನಾಲ್ಕನೇ ಗುಂಡು: ಅಮ್ಮನ ಬಕೆಟ್.

ಹೀಗೆ ಬರೆದಿಡು ಅಂತ ಹೇಳಿದವನು ಅಜೋ ಪಿಯಾನ್. ಕಾಫಿ ಅಂಗಡಿ ಅವನದು, ತೆಂಗು ಹಾಳುಮಾಡುವ ಅಳಿಲುಗಳ ಬೇಟೆಯ ಸಂಘಕ್ಕೂ ಅವನೇ ಯಜಮಾನ, ಊರಿಗೆಲ್ಲ ದೊಡ್ಡಣ್ಣ. ಅದಕ್ಕೇ ಎಲ್ಲರಿಗೂ ಅವನು ಅಜೋ. "ಗುಂಡು ಎಲ್ಲಿಗ್ ಹೋಯ್ತು ಅಂತ ದಿನಾ ಬರ್ಕೊಳೋ. ಬರೆದ್ರೆ ರೋಗ ಗೊತ್ತಾಗುತ್ತೆ" ಅಂದ. ಹತ್ತನೇ ತರಗತಿ ಮುಗಿದ ಮೇಲೆ ನಾನು ಪೆನ್ನು ಹಿಡಿದದ್ದು ಇವತ್ತೇ.

ರೋಗ ಇಷ್ಟು. ನನ್ನ ಸ್ಪ್ರಿಂಗ್ ಗಾಳಿಕೋವಿಯ ಮೇಲಿನ ದುರ್ಬೀನು ನಿಂತಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಎರಡು ತಿರುಪು. ಮೇಲಿನದು ಗುರಿಯನ್ನು ಮೇಲೆ ಕೆಳಗೆ ಮಾಡುತ್ತದೆ, ಪಕ್ಕದ್ದು ಎಡಕ್ಕೆ ಬಲಕ್ಕೆ. ಸಂಜೆ ಕೂತು ಎರಡನ್ನೂ ತಿರುಗಿಸಿ, ಇಪ್ಪತ್ತು ಹೆಜ್ಜೆ ದೂರದ ಸಾರ್ಡೀನ್ ಡಬ್ಬಿಯ ಮುಚ್ಚಳಕ್ಕೆ ಸರಿಯಾಗಿ ಗುರಿ ಕೂಡಿಸುತ್ತೇನೆ. ಕೋವಿಯನ್ನು ಹಿತ್ತಿಲ ಜಗುಲಿಯ ಮೊಳೆಗೆ ತೂಗುಹಾಕಿ ಮಲಗುತ್ತೇನೆ. ಬೆಳಿಗ್ಗೆ ಎದ್ದು ಹೊಡೆದರೆ ಬಕೆಟ್.

ಇದು ತಮಾಷೆಯ ವಿಷಯ ಅಲ್ಲ. ನಿನ್ನೆ ಪೆಕನ್‌ಬಾರು ಪಟ್ಟಣದಿಂದ ಬುಸ್ತಾಮಿ ಮಾಮ ಫೋನ್ ಮಾಡಿದ್ದರು.

"ಲೋ ಯುಸ್ರಿ, ನಿಂಗೆಷ್ಟು ವಯಸ್ಸು?"

"ಇಪ್ಪತ್ಮೂರು, ಮಾಮ."

"ನಿನ್ ವಯಸ್ಸಿಗೆ ನಾನು ಊರು ಬಿಟ್ಟು ಏಳು ವರ್ಷ ಆಗಿತ್ತು. ನೀನು ಪಂಕ್ಚರ್ ಅಂಗಡಿ ಎಷ್ಟು ದಿನ ಮಾಡ್ದೆ?"

"ಹನ್ನೊಂದು."

"ಮೊಬೈಲ್ ಅಂಗಡಿ?"

"ಒಂದು ವಾರ."

"ಇಟ್ಟಿಗೆ ಗೂಡು?"

"ಮಧ್ಯಾಹ್ನದವರೆಗೆ."

"ಕೇಳಿಲ್ಲಿ. ತಿಂಗಳ ಕೊನೆ ಭಾನುವಾರ ನಮ್ಮೂರಲ್ಲೇ ಅಳಿಲು ಬೇಟೆ ಅಲ್ವಾ? ನಾನೂ ಬರ್ತೀನಿ. ಐದು ಬಾಲ ತಂದು ನನ್ ಕೈಗಿಡು, ನಿನ್ ತಂಟೆಗೆ ಬರಲ್ಲ. ಒಂದು ಕಮ್ಮಿ ಆದ್ರೂ ಸೋಮವಾರ ಬೆಳಿಗ್ಗೆ ನನ್ ಕಾರಲ್ಲಿ ಕೂತ್ಕೋ. ನನ್ ಹೋಟ್ಲಲ್ಲಿ ತಟ್ಟೆ ತೊಳೆಯೋ ಜಾಗ ಖಾಲಿ ಇದೆ."

ನಮ್ಮ ಕಡೆಯವರ ಹೋಟೆಲಿನಲ್ಲಿ ತಟ್ಟೆ ತೊಳೆಯುವುದು ಎಂದರೆ ಏನು ಅಂತ ನನಗೆ ಗೊತ್ತು. ಒಬ್ಬ ಗಿರಾಕಿ ಬಂದು ಕೂತರೆ ಅವನ ಮುಂದೆ ಹದಿನೆಂಟು ತಟ್ಟೆ ಇಡುತ್ತಾರೆ. ಅವನು ತಿನ್ನುವುದು ಎರಡರಿಂದ. ಮುಟ್ಟಿ ನೋಡುವುದು ಹದಿನೆಂಟನ್ನೂ.

ಅಪ್ಪ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ, ಅಷ್ಟೇ. ನಮ್ಮಲ್ಲಿ ಮಕ್ಕಳ ವಿಷಯಕ್ಕೆ ತಾಯಿಯ ಅಣ್ಣನ ಮಾತೇ ಮಾತು. ಅಪ್ಪ ಹೆಂಡತಿಯ ಮನೆಗೆ ಬಂದವನು. ಈ ಮನೆಯಲ್ಲಿ ಅವನ ಅಧಿಕಾರ ನಡೆಯುವುದು ನಮ್ಮ ಮಂಗ ಸರ್ಜಾನನ ಮೇಲೆ ಮಾತ್ರ.

ನಾನೂ ಊರಲ್ಲಿ ಇರುವವನಲ್ಲ. ಬಾತಾಮ್ ದ್ವೀಪಕ್ಕೋ ಜಕಾರ್ತಾಕ್ಕೋ ಹಡಗಿನ ಮೇಲೋ ಹೋಗುತ್ತೇನೆ. ಇನ್ನೆರಡು ತಿಂಗಳು ಸಾಕು. ಆದರೆ ತಟ್ಟೆ ತೊಳೆಯಲು ಹೋಗುವುದಿಲ್ಲ.

ಸೆಪ್ಟೆಂಬರ್ 4, ಬುಧವಾರ

ತಪ್ಪು ಗುಂಡಿನದು ಎಂದುಕೊಂಡು ಬೇರೆ ಡಬ್ಬಿ ಗುಂಡು ತಂದೆ. ಒಂದೊಂದನ್ನೂ ಬೆರಳಲ್ಲಿ ಹೊರಳಿಸಿ, ಸೊಟ್ಟಗಿರುವುದನ್ನು ಎಸೆದೆ. ನಿನ್ನೆ ಸಂಜೆ ಹೊಡೆದ ಐದಕ್ಕೆ ಐದೂ ಮುಚ್ಚಳಕ್ಕೆ ಬಿದ್ದವು. ಕುಣಿದೆ.

ಇವತ್ತು ಬೆಳಿಗ್ಗೆ: ಕೆಳಕ್ಕೆ ಆರು ಬೆರಳು, ಐದಕ್ಕೆ ಐದೂ.

ಹಿತ್ತಿಲ ಜಗುಲಿಯ ಬಲ್ಬ್ ಮತ್ತೆ ಉರಿಯುತ್ತಿಲ್ಲ. ಸಡಿಲ ಆಗಿತ್ತಂತೆ. ಗಾಳಿಗೆ ಇರಬೇಕು ಅಂದ ಅಪ್ಪ. ಈ ಮನೆಯಲ್ಲಿ ಯಾವುದೂ ಗಟ್ಟಿಯಾಗಿ ನಿಲ್ಲುವುದಿಲ್ಲ.

ಸೆಪ್ಟೆಂಬರ್ 7, ಶನಿವಾರ

ನಿನ್ನೆ ಕಾಫಿ ಅಂಗಡಿಯಲ್ಲಿ ನನ್ನ ಮರ್ಯಾದೆ ಹೋಯಿತು.

"ಏನೋ ಯುಸ್ರಿ, ಅಳಿಲುಗಳು ನಿಮ್ಮ ತೋಟಕ್ಕೇ ಮನೆ ಬದಲಾಯಿಸ್ತಾ ಇದಾವಂತೆ? ಅಲ್ಲಿ ಭಯ ಇಲ್ಲ ಅಂತ?"

"ಅದಲ್ಲ ಅಜೋ, ಇವನ ಅಮ್ಮ ಬಕೆಟ್‌ಗೆ ಹೆಲ್ಮೆಟ್ ಹಾಕಿದಾಳಂತೆ."

ಮೊಟ್ಟೆಯ ಹಳದಿ ಕಲಕಿದ ಚಹಾ ಗಂಟಲಲ್ಲಿ ಸಿಕ್ಕಿ ಕೆಮ್ಮು ಬಂತು. ಅದಕ್ಕೂ ನಕ್ಕರು. ಆಮೇಲೆ ಅಜೋ ಪಿಯಾನ್ ಕೋವಿ ಇಸಿದುಕೊಂಡು ಅಲ್ಲಾಡಿಸಿ ನೋಡಿದ.

"ಸ್ಪ್ರಿಂಗ್ ಕೋವಿ ಕತ್ತೆಗಿಂತ ಕಷ್ಟ ಕಣೋ. ಕತ್ತೆ ಹಿಂದಕ್ ಮಾತ್ರ ಒದೆಯುತ್ತೆ. ಇದು ಹಿಂದಕ್ಕೊಂದು ಒದ್ದು ತಕ್ಷಣ ಮುಂದಕ್ಕೊಂದು ಒದೆಯುತ್ತೆ. ಅದರ ಮೇಲೆ ಕೂತ ದುರ್ಬೀನು ಏನ್ ಮಾಡ್ಬೇಕು? ಮೊದ್ಲು ಸ್ಕ್ರೂ ನೋಡು."

ನೋಡಿದೆ. ದುರ್ಬೀನು ಹಿಡಿಯುವ ಬಳೆಗಳ ಸ್ಕ್ರೂ ನಾಲ್ಕರಲ್ಲಿ ಮೂರು ಸಡಿಲ. ಮರದ ಹಿಡಿಯ ಸ್ಕ್ರೂ ಎರಡೂ ಸಡಿಲ. ಎಲ್ಲ ಬಿಗಿ ಮಾಡಿದೆ. ಪದೇ ಪದೇ ತೆಗೆಯುವುದು ರಗಳೆ ಅಂತ ತಿರುಪುಗಳ ಮುಚ್ಚಳ ಬಿಚ್ಚಿ ಅಂಗಿಯ ಜೇಬಿಗೆ ಹಾಕಿದ್ದೆ. ಅಂಗಿ ಒಗೆಯಲು ಹೊಳೆಗೆ ಹೋಯಿತು, ಮುಚ್ಚಳ ಸಮುದ್ರಕ್ಕೆ ಹೋಯಿತು. ಹೋಗಲಿ. ಈಗ ತಿರುಪು ಬರಿಗೈಗೇ ಸಿಗುತ್ತದೆ, ಸುಲಭ.

ಇವತ್ತು ಬೆಳಿಗ್ಗೆ: ಬಲಕ್ಕೆ ಐದು ಬೆರಳು.

ಸೆಪ್ಟೆಂಬರ್ 10, ಮಂಗಳವಾರ

ಇವತ್ತು ತಲೆ ಓಡಿಸಿದೆ. ಬಳೆ ಕೂತಿರುವ ಹಳಿಯ ಮೇಲೆ ಬಿಳಿ ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ ಹಾಕಿ ಇಪ್ಪತ್ತು ಗುಂಡು ಹೊಡೆದೆ. ಗೆರೆಯಿಂದ ಬಳೆ ಅರ್ಧ ಅಕ್ಕಿಕಾಳಿನಷ್ಟು ಹಿಂದೆ ಸರಿದಿತ್ತು!

ಕಳ್ಳ ಸಿಕ್ಕ. ಬಳೆ ಬಿಚ್ಚಿದರೆ ಹಳಿಯ ತುಂಬ ತೆಂಗಿನೆಣ್ಣೆ. ತುಕ್ಕು ಹಿಡಿಯದಿರಲಿ ಅಂತ ಅಮ್ಮ ವಾರಕ್ಕೊಮ್ಮೆ ನನ್ನ ತಲೆಗೆ ತಿಕ್ಕುವ ಎಣ್ಣೆಯನ್ನೇ ಅದಕ್ಕೂ ತಿಕ್ಕುತ್ತಿದ್ದಳಂತೆ. ಪೆಟ್ರೋಲಿನಲ್ಲಿ ಒರೆಸಿ, ಬಳೆಯ ಒಳಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಕೊಟ್ಟು, ಹಿಂದೆ ಸರಿಯದ ಹಾಗೆ ಒಂದು ಸಣ್ಣ ಮೊಳೆ ಆನಿಸಿ ಬಿಗಿ ಮಾಡಿದೆ. ಮೂವತ್ತು ಗುಂಡು ಹೊಡೆದೆ. ಬಿಳಿ ಗೆರೆ ಕದಲಲಿಲ್ಲ. ಗುಂಡು ಗುಂಡಿನ ಮೇಲೇ ಬಿತ್ತು.

ಅಜೋ ಪಿಯಾನನ ಅಂಗಡಿಯಲ್ಲಿ ನಾಳೆ ಯಾರು ನಗುತ್ತಾರೋ ನೋಡುತ್ತೇನೆ.

ಸೀಮೆಎಣ್ಣೆ ಬಾಟಲಿಯ ಬಿರಡೆ ಕಾಣುತ್ತಿಲ್ಲ ಅಂತ ಅಮ್ಮ ಅಪ್ಪನನ್ನು ಬೈಯುತ್ತಿದ್ದಾಳೆ. ರೇಡಿಯೋದ ಗುಂಡಿಯೂ ಇಲ್ಲ.

ಸೆಪ್ಟೆಂಬರ್ 11, ಬುಧವಾರ

ಬಲಕ್ಕೆ ಎಂಟು ಬೆರಳು. ಮೇಲಕ್ಕೆ ಹತ್ತು. ಬಿಳಿ ಗೆರೆ ಇದ್ದಲ್ಲೇ ಇದೆ.

ಬರೆಯಲು ಮನಸ್ಸಿಲ್ಲ.

ಸೆಪ್ಟೆಂಬರ್ 14, ಶನಿವಾರ

ಅಜೋ ಪಿಯಾನ್ ತನ್ನ ಕೋವಿ ತಂದ. ಅದೂ ಎಡಕ್ಕೆ ಎಳೆಯುತ್ತಿತ್ತು. ಪೆಟ್ರೋಲ್, ಟ್ಯೂಬಿನ ಪಟ್ಟಿ, ಮೊಳೆ. ಚಹಾ ಆರುವುದರೊಳಗೆ ಸರಿಹೋಯಿತು. ಅಂಗಡಿಯ ಎದುರಿನ ಕಂಬಕ್ಕೆ ಎಲೆ ಅಂಟಿಸಿ ಮೂರು ಹೊಡೆದ, ಮೂರೂ ಎಲೆಗೆ.

"ಲೇ, ಇವನ ಕೈಯಲ್ಲಿ ಏನೋ ಇದೆ ಕಣ್ರೋ!"

"ಹಾಗಾದ್ರೆ ಅವನದ್ಯಾಕೆ ಅಜೋ ಹಾಗೆ?"

"ಡಾಕ್ಟರ್ ಮನೇಲೇ ಕಾಯಿಲೆ ಜಾಸ್ತಿ."

ಮಧ್ಯಾಹ್ನ ಇನ್ನೂ ಇಬ್ಬರು ತಂದರು. ನನಗೆ ನನ್ನದೇ ಬೇಕಾದಷ್ಟಿದೆ, ಇವರದೊಂದು ಕಾಟ. ಆದರೂ ಒಂದರ ಒಳಗೆ ಜೇಡ ಗೂಡು ಕಟ್ಟಿತ್ತು, ಅದನ್ನು ಬಿಡಿಸುವುದು ಒಂಥರಾ ಚೆನ್ನಾಗಿತ್ತು.

ಸಂಜೆ ಮಸೀದಿ ಪಕ್ಕದ ಮನೆಯ ವೆಲ್ಲಿ ಬಂದಳು. ದುಪಟ್ಟಾಗಳಿಗೆ ಚಿನ್ನದ ದಾರದ ಅಂಚು ಹೊಲಿಯುವವಳು. ಅವಳ ತಾತನ ಕೋವಿಯ ಹಿಡಿ ಅಲ್ಲಾಡುತ್ತಿತ್ತು. ಒಂದೇ ಸ್ಕ್ರೂ, ಬಿಗಿ ಮಾಡಿ ಕೊಟ್ಟೆ.

"ಅಷ್ಟೇನಾ?" ಅಂದಳು.

"ಅಷ್ಟೇ."

"ಇಷ್ಟು ಬೇಗ ಆಗೋಗುತ್ತಾ?"

ಬೇಗ ಮಾಡಿದರೂ ತಪ್ಪು ಇವರಿಗೆ.

ಸೆಪ್ಟೆಂಬರ್ 17, ಮಂಗಳವಾರ

ಅಪ್ಪ ತೆಂಗಿನಕಾಯಿ ಕೀಳುವ ಕೆಲಸ ಮುಗಿಸಿ ಬಂದ. ಹಿಂದೆ ಸರ್ಜಾನ. ಅವನ ಹೆಸರಿನ ಅರ್ಥ ಪದವೀಧರ. ಮಂಗಗಳಿಗೆ ಕಾಯಿ ಕೀಳಲು ಕಲಿಸುವ ಶಾಲೆಯಲ್ಲಿ ಐದು ತಿಂಗಳು ಓದಿ, ತರಗತಿಗೇ ಮೊದಲಿಗನಾಗಿ ಪಾಸಾದವನು. ಮರ ಹತ್ತುತ್ತಾನೆ, ಬಲಿತ ಕಾಯಿ ಹುಡುಕುತ್ತಾನೆ, ಎರಡೂ ಕೈಯಲ್ಲಿ ಹಿಡಿದು ಗಿರಗಿರ ತಿರುಗಿಸುತ್ತಾನೆ, ತೊಟ್ಟು ಮುರಿದು ಕಾಯಿ ಬೀಳುತ್ತದೆ. ಮನೆಯಲ್ಲಿ ಹತ್ತನೇ ತರಗತಿ ದಾಟಿದವನು ಅವನೊಬ್ಬನೇ ಅಂತ ಅಪ್ಪ ಬಂದವರಿಗೆಲ್ಲ ಹೇಳುತ್ತಾನೆ.

ಅಪ್ಪ ಅವನನ್ನು ಹಿತ್ತಿಲ ಜಗುಲಿಯ ಕಂಬಕ್ಕೆ ಕಟ್ಟಿ ನಾನು ಹೊಡೆಯುವುದನ್ನು ನೋಡಿದ.

"ಕೋವಿ ಕುತ್ತಿಗೆ ಹಿಸುಕ್ತಾ ಇದೀಯಲ್ಲೋ."

"ಬಿಗಿಯಾಗಿ ಹಿಡಿಬೇಕಲ್ಲಪ್ಪ, ಒದೆಯುತ್ತೆ."

"ಒದೀಲಿ. ನಾನು ಮಂಗನ ಹಗ್ಗ ಹಿಡಿಯಲ್ವಾ? ಬಿಗಿ ಎಳೆದ್ರೆ ಬಂದು ಕಚ್ತಾನೆ, ಪೂರ್ತಿ ಬಿಟ್ರೆ ಊರು ಬಿಡ್ತಾನೆ. ಹಗ್ಗ ಕೈಯಲ್ಲಿ ಇದೆ ಅಂತ ಅವನಿಗೆ ಗೊತ್ತಿದ್ರೆ ಸಾಕು."

ಅಂಗೈ ಮೇಲೆ ಸುಮ್ಮನೆ ಮಲಗಿಸಿ ಹೊಡೆದೆ. ಕೋವಿ ತನಗೆ ಬೇಕಾದಂತೆ ಹಿಂದಕ್ಕೂ ಮುಂದಕ್ಕೂ ಜಿಗಿಯಿತು, ಗುಂಡು ಮಾತ್ರ ನೆಟ್ಟಗೆ ಹೋಯಿತು. ಹತ್ತು ಗುಂಡಿನ ತೂತನ್ನೂ ಒಂದು ನಾಣ್ಯದಡಿ ಮುಚ್ಚಬಹುದು. ಉಸಿರು ಬಿಟ್ಟು, ಕಾದು, ಮತ್ತೆ ಒಂದು. ಅಮ್ಮ ಮೂರು ಸಲ ಊಟಕ್ಕೆ ಕರೆದಳಂತೆ, ಕೇಳಿಸಲೇ ಇಲ್ಲ.

ಬೆಳಿಗ್ಗೆಯದು ಬರೆಯುವುದಿಲ್ಲ. ಬಕೆಟ್‌ಗೆ ಈಗ ಮೂರು ತೂತು.

ಸೆಪ್ಟೆಂಬರ್ 20, ಶುಕ್ರವಾರ

ದೊಡ್ಡ ಸಂಶೋಧನೆ!

ನಿನ್ನೆ ಮಳೆ ಬಂತು ಅಂತ ಕೋವಿಯನ್ನು ಅಜೋ ಪಿಯಾನನ ಅಂಗಡಿಯಲ್ಲೇ ಬಿಟ್ಟಿದ್ದೆ. ಇವತ್ತು ಹೋಗಿ ಹೊಡೆದರೆ ನಿನ್ನೆ ಕೂಡಿಸಿದ ಗುರಿ ಹಾಗೇ ಇದೆ! ಒಂದು ಬೆರಳೂ ಆಚೀಚೆ ಇಲ್ಲ.

"ಕಾಫಿ ಹೊಗೆ" ಅಂದ ಅಜೋ ಪಿಯಾನ್.

"ಏನು?"

"ಹುರಿದ ಕಾಫಿ ಹೊಗೆ ಕಣೋ. ಗಾಜಿನೊಳಗಿನ ಥಂಡಿ ಎಳೆದುಬಿಡುತ್ತೆ. ನನ್ ಮೊಣಕಾಲು ನೋವು ಅದರಲ್ಲೇ ಹೋಗಿದ್ದು."

ಸರಿಯಾದ ಮಾತು. ನಮ್ಮ ಹಿತ್ತಿಲ ಜಗುಲಿ ಥಂಡಿ. ಒಂದು ಸೇರು ಕಾಫಿಬೀಜ ತಂದು ಜಗುಲಿಯಲ್ಲೇ ಹುರಿದು ಕೋವಿಗೆ ಹೊಗೆ ಹಾಕಿದೆ. ಅಮ್ಮ ಕೆಮ್ಮುತ್ತ ಹೊರಗೆ ಓಡಿದಳು. ಸರ್ಜಾನ ಸೀನಿದ. ವೆಲ್ಲಿ ಅದೇ ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತಳು. ತಾತನ ಕೋವಿಯ ಸ್ಕ್ರೂ ಮತ್ತೆ ಸಡಿಲವಂತೆ.

"ಯಾಕೆ ಕೋವಿಗೆ ಸಾಂಬ್ರಾಣಿ ಹಾಕ್ತಿದೀಯ? ಹೆರಿಗೆ ಆಯ್ತಾ?"

ನಾನು ಸ್ಕ್ರೂ ಬಿಗಿ ಮಾಡಿದೆ. ಒಂದು ಸುತ್ತು ದಾರ ಸುತ್ತಿ ಇನ್ನೂ ಗಟ್ಟಿ ಮಾಡಿದೆ. ಇನ್ನು ಹತ್ತು ವರ್ಷ ಅಲ್ಲಾಡುವುದಿಲ್ಲ ಅಂದೆ. ಅವಳ ಮುಖ ಸಪ್ಪಗಾಯಿತು. ಹೊಗೆಗೆ ಇರಬೇಕು.

ಸೆಪ್ಟೆಂಬರ್ 21, ಶನಿವಾರ

ಎಡಕ್ಕೆ ಏಳು ಬೆರಳು. ಹೊಗೆ ಸುಳ್ಳು.

ಸೆಪ್ಟೆಂಬರ್ 23, ಸೋಮವಾರ

ಮಾಮನ ಫೋನ್. "ತಟ್ಟೆ ತೊಳೆಯೋಕೆ ಕೈಗವಸು ತೆಗೆದಿಟ್ಟಿದೀನಿ, ನಿನ್ ಸೈಜು" ಅಂದರು. ಅಮ್ಮ ಆಗಲೇ ನನ್ನ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಾಳೆ.

"ಅಮ್ಮ, ನಾನು ಹೊಡೀತೀನಿ ಐದು. ನೀನು ನಂಬಲ್ವಾ?"

"ನಂಬ್ತೀನಪ್ಪ. ಬಕೆಟ್ ಮುಚ್ಚಿಟ್ಟು ನಂಬ್ತೀನಿ."

ಆಮೇಲೆ ಇಸ್ತ್ರಿ ನಿಲ್ಲಿಸಿ, "ಇದೇ ವಯಸ್ಸಿಗೆ ನಿನ್ನ ಅಪ್ಪನ್ನ ಕೇಳಿಕೊಂಡು ನಮ್ಮನೆಯವರು ಹೋಗಿದ್ರು" ಅಂದಳು. ನಮ್ಮ ಕಡೆ ಹೆಣ್ಣಿನ ಮನೆಯವರೇ ಎಲೆಅಡಿಕೆ ಹಿಡಿದು ಗಂಡು ಕೇಳಲು ಬರಬೇಕು. ನನ್ನನ್ನು ಕೇಳಿಕೊಂಡು ಇದುವರೆಗೆ ಬಂದವನು ಪಂಕ್ಚರ್ ಅಂಗಡಿಯವನು ಮಾತ್ರ, ಅವನ ಸ್ಪ್ಯಾನರ್ ಎಲ್ಲಿ ಅಂತ.

ಇವತ್ತು ಒಂಬತ್ತು ಕೋವಿ ಬಂದವು. ಒಂಬತ್ತೂ ಸರಿಹೋದವು. ಜಗುಲಿಯಲ್ಲಿ ಒಂದು ಹಲಗೆ ಹೊಡೆದು, ಸ್ಕ್ರೂಗಳಿಗೆ ತೆಂಗಿನ ಚಿಪ್ಪುಗಳನ್ನು ಸಾಲಾಗಿ ಇಟ್ಟುಕೊಂಡಿದ್ದೇನೆ. ಪಂಕ್ಚರ್ ಅಂಗಡಿಗಿಂತ ಎಷ್ಟೋ ವಾಸಿ. ಇದು ಕೆಲಸ ಅಲ್ಲವಲ್ಲ.

ಸೆಪ್ಟೆಂಬರ್ 26, ಗುರುವಾರ

ಅಕ್ಷರ ಸರಿ ಬರುತ್ತಿಲ್ಲ. ನಗುವಿಗೋ ಕೋಪಕ್ಕೋ ಗೊತ್ತಿಲ್ಲ.

ಮಧ್ಯಾಹ್ನ ವೆಲ್ಲಿ ಬಂದಿದ್ದಳು. ದಾರ ಸುತ್ತಿದ ಸ್ಕ್ರೂ ಕೂಡ ಸಡಿಲ! ದಾರ ಚೊಕ್ಕಟವಾಗಿ ಬಿಚ್ಚಿಹೋಗಿದೆ. ಇಂಥ ಕೋವಿ ನಾನು ನೋಡಿಲ್ಲ.

"ನಿನ್ ಹತ್ರ ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರ್ ಇದೆಯಲ್ಲ, ನೀನೇ ಬಿಗಿ ಮಾಡ್ಕೋಬಹುದಲ್ವಾ?"

"ನಂಗೆ ಬಿಗಿ ಮಾಡೋಕ್ ಬರಲ್ಲ" ಅಂದು ಅವಳು ಕೋವಿ ಇಟ್ಟು ಹೋದಳು.

ಈ ಸಲ ಪೂರ್ತಿ ಬಿಚ್ಚಿ ನೋಡೋಣ ಅಂತ ಜಗುಲಿಯ ಮೂಲೆಯಲ್ಲಿ ಬೆನ್ನು ಗೋಡೆಗೆ ಕೊಟ್ಟು ಕೂತೆ. ಗಂಟೆಗಟ್ಟಲೆ ಅಲ್ಲಾಡದೆ ಕೂತಿದ್ದೆ ಅಂತ ಕಾಣುತ್ತೆ, ಏಕೆಂದರೆ ನಾನಿದ್ದೇನೆ ಎನ್ನುವುದನ್ನು ಸರ್ಜಾನ ಮರೆತುಬಿಟ್ಟಿದ್ದ.

ಅವನು ಕಂಬದಿಂದ ಎದ್ದ. ಹಗ್ಗ ಎಳೆದು ಜಗುಲಿಯ ಕಟಾಂಜನ ಹತ್ತಿದ. ಮೊಳೆಗೆ ತೂಗಿದ್ದ ನನ್ನ ಕೋವಿಯನ್ನು ಮೇಲಿಂದ ಕೆಳಗೆ ನೋಡಿದ. ಎರಡೂ ಕೈಯಿಂದ ದುರ್ಬೀನಿನ ಮೇಲಿನ ತಿರುಪನ್ನು ಹಿಡಿದು ಗಿರಗಿರ ತಿರುಗಿಸಿದ.

ತಿರುಗಿಸಿ ಕೆಳಗೆ ನೋಡಿದ. ಏನೂ ಬೀಳಲಿಲ್ಲ.

ಇನ್ನೊಂದು ಸುತ್ತು. ಮತ್ತೆ ಕೆಳಗೆ ನೋಡಿದ. ಬೀಳಲಿಲ್ಲ. ಇದಿನ್ನೂ ಬಲಿತಿಲ್ಲ ಅನ್ನುವ ಹಾಗೆ ತಲೆ ಕೆರೆದುಕೊಂಡು ಪಕ್ಕದ ತಿರುಪಿಗೆ ಕೈ ಹಾಕಿದ. ಅದನ್ನೂ ತಿರುಗಿಸಿ, ಕಿವಿ ಹತ್ತಿರ ತಂದು ಟಕಟಕ ಶಬ್ದ ಕೇಳಿದ. ಆಮೇಲೆ ಬಲ್ಬಿನ ಕಡೆ ಹೋಗಿ ಅದನ್ನೂ ಅರ್ಧ ಸುತ್ತು ತಿರುಗಿಸಿ, ಬಂದು ಕಂಬದ ಬುಡದಲ್ಲಿ ಸಂಭಾವಿತನಂತೆ ಕೂತ.

"ಅಪ್ಪಾ!" ಅಂತ ಕೂಗಿದ ನನ್ನ ದನಿಗೆ ಪಕ್ಕದ ಮನೆಯ ಕೋಳಿಗಳೆಲ್ಲ ಹಾರಿದವು.

ಅಪ್ಪ ಬಂದ, ಅಮ್ಮ ಬಂದಳು. ಮಂಗ ಮಲಗುವ ಗೋಣಿಯನ್ನು ಕೊಡವಿದರೆ ಒಳಗಿಂದ ಸೀಮೆಎಣ್ಣೆ ಬಿರಡೆ, ರೇಡಿಯೋ ಗುಂಡಿ, ಸೈಕಲ್ ಬೆಲ್ಲಿನ ಬಟ್ಟಲು, ಮಸೀದಿಯ ನಲ್ಲಿಯ ತಲೆ.

"ಇಪ್ಪತ್ತೈದು ದಿನ! ಇಪ್ಪತ್ತೈದು ದಿನ ನಾನು ಪೆಟ್ರೋಲ್ ಹಾಕಿದೆ, ಟ್ಯೂಬ್ ಹಾಕಿದೆ, ಕಾಫಿ ಹೊಗೆ ಹಾಕಿದೆ! ಇವನು..."

"ಅವನ್ನ ಯಾಕ್ ಬೈತೀಯ?" ಅಂದ ಅಪ್ಪ. "ಗುಂಡಗಿರೋದನ್ನ ಕಂಡ್ರೆ ತಿರುಗಿಸು ಅಂತ ಕಲಿಸಿದ್ರು, ತಿರುಗಿಸ್ತಾನೆ. ಓದಿದ್ದು ಮರೆತಿಲ್ಲ ಅವನು. ನಿನ್ ಥರ ಅಲ್ಲ."

ಸೆಪ್ಟೆಂಬರ್ 28, ಶನಿವಾರ

ಎರಡು ದಿನ ಕೋವಿಯನ್ನು ಒಳಗೆ, ನನ್ನ ಹಾಸಿಗೆಯ ಪಕ್ಕ ಇಟ್ಟೆ. ತಿರುಪುಗಳಿಗೆ ಟೂತ್‌ಪೇಸ್ಟಿನ ಮುಚ್ಚಳ ಕವುಚಿ ಅಂಟುಪಟ್ಟಿ ಸುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ನಾಣ್ಯದಗಲ. ಇವತ್ತು ಬೆಳಿಗ್ಗೆ ನಾಣ್ಯದಗಲ. ಬಕೆಟ್ ಕ್ಷೇಮ.

ಸರ್ಜಾನ ನನ್ನ ಮೇಲೆ ಮುನಿಸಿಕೊಂಡಿದ್ದಾನೆ. ಬಾಳೆಹಣ್ಣು ಕೊಟ್ಟರೆ ಬೇರೆ ಕಡೆ ನೋಡುತ್ತಾನೆ. ಅವನಿಗೆ ಒಂದು ಹಳೇ ನಟ್ಟು ಬೋಲ್ಟು ಕೊಟ್ಟೆ. ಈಗ ಬೇಡ ಅಂದರೂ ಬಿಡುತ್ತಿಲ್ಲ.

ಮಾಮ ಸಂಜೆ ಬಂದಿಳಿದರು. ಹೊಸ ಕಾರು, ಹೊಸ ಕೋವಿ, ನನ್ನ ತೋಳಿನಷ್ಟು ಉದ್ದದ ದುರ್ಬೀನು. ಅಲ್ಲಾಡಿಸಿ ನೋಡಿದೆ, ಸ್ಕ್ರೂ ಸಡಿಲ. ಕೇಳದೆಯೇ ಬಿಗಿ ಮಾಡಿಟ್ಟೆ. ಅಭ್ಯಾಸ.

ಸೆಪ್ಟೆಂಬರ್ 29, ಭಾನುವಾರ

ಮುಗಿಯಿತು. ಮೊದಲಿಂದ ಬರೆಯುತ್ತೇನೆ.

ಬೆಳಿಗ್ಗೆ ಐದು ಊರಿನ ಜನ ಬಂದರು. ಬಿದಿರಿನಲ್ಲಿ ಬೇಯಿಸಿದ ಅಂಟಕ್ಕಿ, ಕಾಫಿ, ಭಾಷಣ. ನಿಯಮ ಓದಿದವನು ಅಜೋ ಪಿಯಾನ್. ಮಧ್ಯಾಹ್ನ ಮಸೀದಿಯ ನಗಾರಿ ಬಾರಿಸುವ ತನಕ ಬೇಟೆ, ಕೈಗೆ ಬಂದ ಬಾಲಕ್ಕೆ ಮಾತ್ರ ಲೆಕ್ಕ. ಅದೇ ಉಸಿರಿನಲ್ಲಿ, "ಯಾರ ದುರ್ಬೀನಾದ್ರೂ ತೊಂದ್ರೆ ಕೊಟ್ರೆ ನಮ್ ಯುಸ್ರಿ ಇದಾನೆ" ಅಂತ ಮೈಕಿನಲ್ಲಿ ಹೇಳಿಬಿಟ್ಟ.

ಎಲ್ಲರೂ ತೋಟಕ್ಕೆ ನುಗ್ಗಿದರು. ನಾನು ಹಲಸಿನ ಮರದ ಕೆಳಗೆ, ಮುಂದೆ ಹದಿನಾಲ್ಕು ಕೋವಿ. ಬೇಡ ಅನ್ನಲು ಬಾಯಿ ಬರಲಿಲ್ಲ. ಒಬ್ಬ ಮುದುಕ ಎರಡು ಬೆಟ್ಟ ದಾಟಿ ಬಂದಿದ್ದ, ಅವನ ದುರ್ಬೀನನ್ನು ಹಿಂದುಮುಂದಾಗಿ ಕೂರಿಸಿದ್ದರು. "ಅಳಿಲು ಇರುವೆಯಷ್ಟು ಕಾಣುತ್ತೆ ಮಗಾ" ಅಂದ. ಹೇಗೆ ಬಿಡಲಿ?

ಎಲ್ಲ ಮುಗಿಸಿ ತೋಟಕ್ಕೆ ಹೋಗುವಾಗ ಬಿಸಿಲು ನೆತ್ತಿಗೆ ಹತ್ತಿರ. ಆದರೆ ನನ್ನ ಕೋವಿ ಇವತ್ತು ಹೇಳಿದ ಮಾತು ಕೇಳಿತು. ಅಂಗೈ ಮೇಲೆ ಮಲಗಿಸಿದೆ, ಉಸಿರು ಬಿಟ್ಟೆ, ಕಾದೆ. ಒಂದು. ಎರಡು. ಮೂರನೆಯದಕ್ಕೆ ಬಹಳ ಹೊತ್ತು ಕಾಯಬೇಕಾಯಿತು, ಕಾದೆ. ನಾಲ್ಕು. ಮಾಮ ಹಿಂದೆಯೇ ನಡೆದುಬರುತ್ತ ಬಾಲ ಎಣಿಸುತ್ತಿದ್ದರು. ಅವರ ಸೊಂಟದಲ್ಲೂ ಆರು ಬಾಲ ನೇತಾಡುತ್ತಿದ್ದವು.

ಐದನೆಯ ಅಳಿಲು ಎತ್ತರದ ತೆಂಗಿನ ಗೊನೆಯ ಮೇಲೆ ಕೂತು ಕಾಯಿ ಕೊರೆಯುತ್ತಿತ್ತು. ಹೊಡೆದೆ. ಬಿತ್ತು. ಆದರೆ ನೆಲಕ್ಕೆ ಬೀಳದೆ ಗರಿಗಳ ಸಂದಿಯಲ್ಲಿ ಸಿಕ್ಕಿಕೊಂಡಿತು. ಬಾಲ ಮಾತ್ರ ಕೆಳಗೆ ತೂಗಾಡುತ್ತಿದೆ.

"ಕೈಗೆ ಬಂದ್ರೆ ಐದು" ಅಂದರು ಮಾಮ, ಗಡಿಯಾರ ನೋಡುತ್ತ.

ಅಪ್ಪ ಸರ್ಜಾನನನ್ನು ಕರೆತಂದ. "ಹತ್ತೋ ಮಗನೇ!" ಸರ್ಜಾನ ಕ್ಷಣದಲ್ಲಿ ಮೇಲಿದ್ದ. ಅಳಿಲಿನ ಪಕ್ಕದಲ್ಲೇ ಕೂತ. ಅದನ್ನು ನೋಡಿದ. ಅದು ಗುಂಡಗಿರಲಿಲ್ಲ.

ಒಂದು ಕಾಯಿ ತಿರುಗಿಸಿ ಕೆಳಗೆ ಹಾಕಿದ. ಧೊಪ್.

"ಅದಲ್ಲ ಕಣೋ! ಬಾಲ! ಬಾಲ!"

ಧೊಪ್. ಮಾಮ ಹಿಂದಕ್ಕೆ ಜಿಗಿದರು.

"ಸರ್ಜಾನ, ನಿನ್ ಕಾಲಿಗೆ ಬೀಳ್ತೀನಿ, ನಿನ್ ಎಡಗೈ ಪಕ್ಕ!"

ಧೊಪ್. ಧೊಪ್. ಮೇಲಿಂದ ನನ್ನನ್ನೇ ನೋಡುತ್ತಿದ್ದ. ಟೂತ್‌ಪೇಸ್ಟಿನ ಮುಚ್ಚಳದ ಸೇಡು ತೀರಿಸುತ್ತಿದ್ದ ಅಂತ ನಾನು ಆಣೆ ಮಾಡಿ ಹೇಳಬಲ್ಲೆ. ಹನ್ನೊಂದು ಕಾಯಿ ಬಿತ್ತು. ಬಲಿತದ್ದು ಒಂದೂ ಉಳಿಯಲಿಲ್ಲ. ಕೆಲಸ ಮುಗಿಯಿತು ಅಂತ ಅವನು ಇಳಿದು ಬಂದು ಅಪ್ಪನ ಹೆಗಲೇರಿದ.

ನಗಾರಿ ಬಾರಿಸಿತು.

"ನಾಲ್ಕು" ಅಂದರು ಮಾಮ. ಅವರಿಗೂ ನಗು ತಡೆಯಲಾಗುತ್ತಿರಲಿಲ್ಲ, ಆದರೂ ಅಂದರು. "ಮಾತು ಮಾತೇ ಕಣೋ. ನಾಳೆ ಎಂಟು ಗಂಟೆಗೆ ಹೊರಡೋಣ."

"ಆಗಲಿ ಮಾಮ" ಅಂದೆ.

ಸೆಪ್ಟೆಂಬರ್ 30, ಸೋಮವಾರ

ಎಂಟು ಗಂಟೆಗೆ ಚೀಲ ಕಾರಿನಲ್ಲಿತ್ತು. ನಾನು ಜಗುಲಿಯಲ್ಲಿದ್ದೆ. ಆರು ಕೋವಿ ಬಾಕಿ ಉಳಿದಿದ್ದವು, ಅರ್ಧಕ್ಕೆ ಬಿಟ್ಟು ಹೋಗುವುದು ಹೇಗೆ? "ಇದೊಂದು ಮುಗಿಸ್ತೀನಿ ಮಾಮ" ಅಂತ ಮೂರು ಸಲ ಹೇಳಿದೆ. ಮಾಮ ಮೂರು ಕಾಫಿ ಕುಡಿದರು.

ಒಂಬತ್ತಕ್ಕೆ ವೆಲ್ಲಿಯ ಮನೆಯವರು ಬಂದರು. ಅವಳ ಅಮ್ಮ, ಚಿಕ್ಕಮ್ಮ, ಕಪ್ಪು ಟೋಪಿ ಹಾಕಿದ ಅವಳ ಸೋದರಮಾಮ, ತಾತನ ಕೋವಿ. ಕೋವಿಯನ್ನು ನನ್ನ ಹಲಗೆಯ ಮೇಲಿಟ್ಟು ಎಲ್ಲರೂ ಒಳಗೆ ಹೋದರು. ಚಿಕ್ಕಮ್ಮನ ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ ಇತ್ತು.

ಒಂದು ಸ್ಕ್ರೂಗೆ ಇಷ್ಟು ಜನ ಯಾಕೆ ಅಂದುಕೊಳ್ಳುತ್ತ ಕೋವಿ ತಿರುಗಿಸಿದೆ. ಅದೇ ಸ್ಕ್ರೂ. ಸಡಿಲ. ಒಳಗಿಂದ ಮಾಮನ ದನಿ ಕೇಳಿತು, ಮೊದಲು ಗಂಭೀರವಾಗಿ, ಆಮೇಲೆ ಜೋರಾಗಿ, ಆಮೇಲೆ ನಗುತ್ತ. "ಏನು? ಅವನೇ ಬೇಕಾ? ಒಂದ್ ಕಡೆ ನಿಲ್ಲೋನಲ್ಲ ಅವನು, ಯೋಚನೆ ಮಾಡಿ ಹೇಳಿ!"

ಅವಳ ಸೋದರಮಾಮ ಅಂದದ್ದೂ ಕೇಳಿಸಿತು. "ಒಂದು ತಿಂಗಳಿಂದ ನೋಡ್ತಾ ಇದೀವಿ. ಆ ಜಗುಲಿ ಬಿಟ್ಟು ಎದ್ದಿಲ್ಲ."

ಯಾರ ಬಗ್ಗೆ ಮಾತಾಡುತ್ತಿದ್ದಾರೆ ಅಂತ ನನಗೆ ಸ್ವಲ್ಪ ಹೊತ್ತು ಗೊತ್ತಾಗಲಿಲ್ಲ.

ಅಮ್ಮ ಹೊರಬಂದು, ಕಣ್ಣೊರೆಸಿಕೊಂಡು, ಕಾರಿನಿಂದ ನನ್ನ ಚೀಲ ತೆಗೆದು ಒಳಗೆ ಇಟ್ಟಳು. ಮಾಮ ಕಿಟಕಿಯಿಂದ ತಲೆ ಹಾಕಿ, "ಲೋ, ಆ ಕೈಗವಸು ನಿನ್ ಹೆಂಡ್ತಿಗೆ ಕಳಿಸ್ತೀನಿ, ನಿನ್ ಕೈಲಿ ತಟ್ಟೆ ತೊಳೆಸೋಕೆ" ಅಂದರು.

ಆಗ ಆ ಸ್ಕ್ರೂವಿನ ತಲೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ನನ್ನ ಸ್ಕ್ರೂಡ್ರೈವರ್ ಮೊನೆ ಅಗಲ. ಅಲ್ಲಿದ್ದ ಗೀರುಗಳು ಸಣ್ಣವು, ತೆಳ್ಳಗೆ, ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರಿನವು. ಒಂದೆರಡಲ್ಲ, ಬಹಳ. ಸರ್ಜಾನನಿಗೆ ಸ್ಕ್ರೂಡ್ರೈವರ್ ಹಿಡಿಯಲು ಬರುವುದಿಲ್ಲ.

ಬಿಗಿ ಮಾಡಿದೆ. ಪರೀಕ್ಷೆಗೆ ಒಂದು ಹೊಡೆಯಬೇಕಲ್ಲ. ಅಂಗೈ ಮೇಲೆ ಮಲಗಿಸಿದೆ, ಉಸಿರು ಬಿಟ್ಟೆ, ಕಾದೆ. ಬೇಲಿಯ ಆಚೆ ವೆಲ್ಲಿ ನಿಂತು ನೋಡುತ್ತಿದ್ದಳು.

ಒಂದನೇ ಗುಂಡು: ಅಮ್ಮನ ಬಕೆಟ್.